ಸಾಸಿವೆಯಷ್ಟು ತೂತು

ತಾನು ಯಾವ ತಪ್ಪನ್ನೂ ಮಾಡದೆ ಬೈಗುಳವಾಗಿಬಿಟ್ಟ ಮಾತುಗಳು ಕನ್ನಡದಲ್ಲಿ ಕೆಲವಿವೆ. ‘ತೇಪೆ’ ಅವುಗಳಲ್ಲೊಂದು. ರಸ್ತೆಯ ಗುಂಡಿಗೆ ಒಂದು ಬುಟ್ಟಿ ಜಲ್ಲಿ ಸುರಿದು ಹೋದರೆ ಅದು ತೇಪೆ. ಬೀಳುತ್ತಿರುವ ಮಂತ್ರಿಮಂಡಲಕ್ಕೆ ಇಬ್ಬರು ಹೊಸ ಮಂತ್ರಿಗಳನ್ನು ಸೇರಿಸಿದರೆ ಅದೂ ತೇಪೆ. ವಿದ್ಯಾರ್ಥಿಯೊಬ್ಬ ಅಲ್ಲಿಂದೊಂದು ಇಲ್ಲಿಂದೊಂದು ವಾಕ್ಯ ಎತ್ತಿಕೊಂಡು ಪ್ರಬಂಧ ಬರೆದು ತಂದರೆ, ಅದರ ಅಂಚಿನಲ್ಲಿ ಕೆಂಪು ಮಸಿಯಿಂದ ‘ಬರಿಯ ತೇಪೆ’ ಎಂದು ಗೀಚುವವನು ನಾನೇ. ಕನ್ನಡ ಎಂ.ಎ. ಮುಗಿಸಿ ಕಾಲೇಜಿನಲ್ಲಿ ಪಾಠ ಹೇಳಲು ನಿಂತ ದಿನದಿಂದಲೂ ಹೀಗೆಯೇ ಗೀಚುತ್ತ ಬಂದಿದ್ದೇನೆ. ಈಚೆಗೆ ಮಾತ್ರ ಆ ಮಾತನ್ನು ಬರೆಯಹೋದರೆ ಕೈ ತಡೆಯುತ್ತದೆ. ಇದಕ್ಕೆ ಕಾರಣ ಒಂದು ಗುಂಡಿ—ರಸ್ತೆಯದಲ್ಲ, ಅಂಗಿಯದು—ಮತ್ತು ನನ್ನ ಅವ್ವ.

ಕಳೆದ ವರ್ಷದ ಮಾತು. ನನ್ನಾಕೆ ತಂಗಿಯ ಮದುವೆಯ ಓಡಾಟಕ್ಕೆಂದು ತವರಿಗೆ ಹೋಗಿದ್ದಳು. ಹತ್ತು ಗಂಟೆಗೆ ತರಗತಿ. ಒಂಬತ್ತೂವರೆಗೆ ಅಂಗಿ ತೊಡುವಾಗ ಸರಿಯಾಗಿ ಹೊಟ್ಟೆಯ ಮೇಲಿನ ಗುಂಡಿ ಕಿತ್ತು, ನೆಲದ ಮೇಲೆ ಉರುಳಿ, ಬೀರುವಿನ ಕೆಳಗೆ ಅಂತರ್ಧಾನವಾಯಿತು. ಕೆಳಗೆ ಬಗ್ಗಿ ನೋಡಿದರೆ ಷರಾಯಿಯ ಒಂದು ಕಾಲಿನ ಮಡಿಕೆಯೂ ಬಿಚ್ಚಿ ನೆಲ ಗುಡಿಸುತ್ತಿದೆ. ಇಸ್ತ್ರಿಯಾದ ಬೇರೆ ಬಟ್ಟೆ ಇರಲಿಲ್ಲ. ವಿದ್ಯಾವಂತನ ಬುದ್ಧಿ ಇಂಥ ವೇಳೆಯಲ್ಲಿ ಚುರುಕಾಗಿ ಓಡುತ್ತದೆ. ಮೇಜಿನ ಮೇಲೆ ಉತ್ತರ ಪತ್ರಿಕೆಗಳನ್ನು ಸೇರಿಸುವ ಸ್ಟೇಪ್ಲರು ಇತ್ತು. ಷರಾಯಿಯ ಮಡಿಕೆಗೆ ಅದರಿಂದ ನಾಲ್ಕು ಏಟು ಹಾಕಿದೆ. ಹೊಟ್ಟೆಯ ಮೇಲೆ ಒಂದು ಪಿನ್ನು. ಬಸ್ಸು ಹಿಡಿದೆ.

ಆ ದಿನ ತರಗತಿಯಲ್ಲಿ ಶರಣರ ಕಾಯಕದ ಪ್ರಸ್ತಾಪ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನೇಯುವವರು, ದೋಣಿ ನಡೆಸುವವರು, ಕಟ್ಟಿಗೆ ಮಾರುವವರು, ಎಲ್ಲರೂ ವಚನ ಹೇಳಿದರು ಎಂದು ಆವೇಶದಿಂದ ವಿವರಿಸುತ್ತ, “ಸೂಜಿಕಾಯಕದ ರಾಮಿತಂದೆ” ಎಂಬ ಹೆಸರು ಹೇಳಿ ಸೀಮೆಸುಣ್ಣ ಎತ್ತಿಕೊಳ್ಳಲು ಬಗ್ಗಿದೆ. ಪಿನ್ನು ಬಿಚ್ಚಿಕೊಂಡು ಹೊಟ್ಟೆಗೆ ಚುಚ್ಚಿತು. “ಅಯ್ಯೋ!” ಎಂದೆ. ಹುಡುಗರು ಮೊದಲು ಇದು ಭಕ್ತಿಯ ಪರಾಕಾಷ್ಠೆಯೆಂದು ತಿಳಿದಿರಬೇಕು. ನಾನು ಹೊಟ್ಟೆ ಹಿಡಿದುಕೊಂಡದ್ದನ್ನು ಕಂಡಮೇಲೆ ನಕ್ಕರು. ಮುಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ ನಗದೆ, “ಸಾರ್, ಆ ರಾಮಿತಂದೆ ಏನು ಕೆಲಸ ಮಾಡ್ತಿದ್ದರು?” ಎಂದು ಕೇಳಿದಳು. “ಬಟ್ಟೆ ಹೊಲಿಯುತ್ತಿದ್ದ” ಎಂದು ಎರಡು ಮಾತಿನಲ್ಲಿ ಮುಗಿಸಿ ಮುಂದೆ ಹೋದೆ. ಹೊಲಿಯುವುದೆಂದರೇನೆಂದು ನನಗೆ ಗೊತ್ತಿದ್ದರಲ್ಲವೆ ಇನ್ನೂ ಹೆಚ್ಚು ಹೇಳುವುದು?

ಸಂಜೆ ಮನೆಗೆ ಬಂದಾಗ ಅವ್ವ ಜಗುಲಿಯಲ್ಲಿ ಕೂತಿದ್ದಳು. ಆಕೆಗೆ ಈಗ ಎಪ್ಪತ್ತೆಂಟು. ಎರಡು ಕಣ್ಣಿನ ಪೊರೆಯನ್ನೂ ತೆಗೆಸಿ ಆಗಿದೆ; ದೂರದ್ದು ಕಾಣುತ್ತದೆ, ಸೂಜಿಗಣ್ಣು ಕಾಣುವುದಿಲ್ಲ. ಬೆರಳುಗಳಲ್ಲಿ ಸಣ್ಣ ನಡುಕ ಸೇರಿಕೊಂಡಿದೆ. ಆದರೂ ನನ್ನ ಷರಾಯಿಯ ತುದಿಯಲ್ಲಿ ಹೊಳೆಯುವ ತಂತಿ ಆಕೆಗೆ ಕಂಡಿತು.

“ಏನಪ್ಪ ಅದು, ಅರಿವೆಗೆ ಮೊಳೆ ಹೊಡ್ದಿದ್ದೀಯಾ?”

ಉತ್ತರ ಹೇಳದೆ ಒಳಗೆ ನಡೆದೆ. ಆಕೆ ಹಿಂದೆಯೇ ಬಂದು ಟ್ರಂಕಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದಳು. ನಾನು ಹುಟ್ಟುವ ಮೊದಲಿನಿಂದ ಇರುವ ಡಬ್ಬಿ ಅದು. ಅದರಲ್ಲಿ ಬಿಸ್ಕತ್ತನ್ನು ನಾನು ಎಂದೂ ಕಂಡಿಲ್ಲ. ಸೂಜಿ, ರೀಲು, ಮೇಣದ ತುಂಡು, ಮತ್ತು ಸತ್ತ ಅಂಗಿಗಳಿಂದ ಕಿತ್ತಿಟ್ಟ ನೂರಾರು ಗುಂಡಿಗಳು. “ನನ್ ಕಣ್ಣು ಹೋತು, ನಿನ್ ಕಣ್ಣು ಐತಲ್ಲ. ಕೂತ್ಕೋ” ಎಂದಳು. ನಾನು ಹಾಗೆಯೇ ಕೂರಹೋದೆ. “ಬಿಚ್ಚು. ಮೈಮೇಲಿನ ಅರಿವೆ ಹೊಲೀಬಾರ್ದು” ಎಂದಳು. ಹೀಗೆ, ಮಕ್ಕಳಿಗೆ ಕಾವ್ಯಮೀಮಾಂಸೆ ಹೇಳುವ ಉಪಾಧ್ಯಾಯನು ಬನಿಯನ್ನಿನಲ್ಲಿ ನೆಲದ ಮೇಲೆ ಕುಳಿತು ಅಕ್ಷರಾಭ್ಯಾಸ ಮಾಡಿಸಿಕೊಂಡನು.

ಮೊದಲನೆಯ ಪಾಠ, ದಾರ. ಬೆರಳ ತುದಿಯಿಂದ ಮೊಣಕೈವರೆಗೆ, ಒಂದು ಮೊಳ. ಅದಕ್ಕಿಂತ ಉದ್ದ ತೆಗೆದವನು ಹೊಲಿಯುವುದಕ್ಕಿಂತ ಹೆಚ್ಚು ಹೊತ್ತು ಗಂಟು ಬಿಡಿಸುತ್ತಾನೆ. ಗುಂಡಿಗಾದರೆ ಎರಡೆಳೆಯಾಗುವುದರಿಂದ ಎರಡು ಮೊಳ. ತುದಿಯನ್ನು ಓರೆಯಾಗಿ ಕತ್ತರಿಸಬೇಕು, ಮೇಣಕ್ಕೆ ಒಮ್ಮೆ ಎಳೆಯಬೇಕು.

ಎರಡನೆಯದು ಗುಂಡಿ. ನಾನು ಅದನ್ನು ಬಟ್ಟೆಗೆ ಬಿಗಿಯಾಗಿ ಒತ್ತಿ ಹೊಲಿದೆ. ಅವ್ವ ಬಿಚ್ಚಿಸಿದಳು. ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಅಡ್ಡವಿಟ್ಟು, ಕಡ್ಡಿಯ ಮೇಲಿನಿಂದ ಐದಾರು ಸಲ ದಾರ ಹಾಯಿಸಿ, ಆಮೇಲೆ ಕಡ್ಡಿಯನ್ನು ಎಳೆದುಬಿಡಬೇಕು. ಆಗ ಗುಂಡಿ ಸ್ವಲ್ಪ ಸಡಿಲವಾಗುತ್ತದೆ. ಆ ಸಡಿಲದಲ್ಲಿ, ಗುಂಡಿಯ ಕೆಳಗೆ ದಾರವನ್ನು ಮೂರು ಸುತ್ತು ಸುತ್ತಿ ಒಳಬದಿಯಲ್ಲಿ ಗಂಟು ಹಾಕಿದರೆ ಒಂದು ಪುಟ್ಟ ತೊಟ್ಟು ಹುಟ್ಟುತ್ತದೆ. ಕಾಜದ ಬಟ್ಟೆ ಬಂದು ಕೂರಲು ಆ ತೊಟ್ಟಿನಷ್ಟು ಜಾಗ ಬೇಕು. ನಾಲ್ಕು ಕಣ್ಣಿನ ಗುಂಡಿಯನ್ನು ಎರಡೆರಡು ಕಣ್ಣಾಗಿ ಬೇರೆಬೇರೆ ಹೊಲಿಯಬೇಕು. ಒಂದು ಜೋಡಿ ಹರಿದರೂ ಇನ್ನೊಂದು ಹಿಡಿದುಕೊಂಡಿರುತ್ತದೆ. ಬಿಗಿಯಾಗಿ ಕಟ್ಟಿದ್ದೇ ಬೇಗ ಕಿತ್ತುಹೋಗುತ್ತದೆಂಬುದನ್ನು ನಾನು ಕಾವ್ಯದಲ್ಲಿ ಓದಿದ್ದೆ, ಅಂಗಿಯಲ್ಲಿ ಕಂಡಿರಲಿಲ್ಲ.

ಮೂರನೆಯ ಪಾಠ ಷರಾಯಿಯ ಮಡಿಕೆ. ಒಳಗಿನ ಮಡಿಕೆಯಿಂದ ಸೂಜಿಯನ್ನು ತಂದು ಹೊರಗಿನ ಬಟ್ಟೆಯ ಒಂದೆರಡು ಎಳೆಗಳನ್ನು ಮಾತ್ರ ಮುಟ್ಟಿ ಮತ್ತೆ ಒಳಗೆ ಹೋಗಬೇಕು. ದಾರ ಜಗ್ಗಬಾರದು, ಜಗ್ಗಿದರೆ ಹೊರಗೆ ಸುಕ್ಕು ಕಾಣುತ್ತದೆ. ನಾಲ್ಕನೆಯದು, ಕಂಕುಳಲ್ಲಿಯೋ ಪಕ್ಕದಲ್ಲಿಯೋ ಬಿಟ್ಟುಕೊಂಡ ಹೊಲಿಗೆ. ಇಲ್ಲಿ ಸೂಜಿ ಒಂದು ಹೆಜ್ಜೆ ಮುಂದೆ ಬಂದು ಅರ್ಧ ಹೆಜ್ಜೆ ಹಿಂದೆ ಹೋಗಿ ಮತ್ತೆ ಮುಂದೆ ಬರಬೇಕು. ಬಿಟ್ಟ ಜಾಗಕ್ಕಿಂತ ಒಂದು ಬೆರಳು ಹಿಂದಿನಿಂದ ಪ್ರಾರಂಭಿಸಿ ಒಂದು ಬೆರಳು ಮುಂದಕ್ಕೆ ನಿಲ್ಲಿಸಬೇಕು. ಹರಿದ ಕಡೆಯಲ್ಲಿ ಬಲವಿಲ್ಲ. ಬಲವಿರುವುದು ಅದರ ಆಚೆ ಈಚೆ. ಹೊಲಿಗೆ ಆ ಬಲವನ್ನು ಹಿಡಿದುಕೊಂಡಿರಬೇಕು.

ಇಷ್ಟು ಕಲಿಯಲು ಒಂದು ವಾರ ಹಿಡಿಯಿತು. ಓದುಗರು ಇದರಿಂದ ನನ್ನ ಕೈಚಳಕವನ್ನು ಅಳೆದುಕೊಳ್ಳಬಹುದು. ಆದರೆ ಊರಿನಲ್ಲಿ ಎಲ್ಲ ಅಂಗಡಿಗಳೂ ಇರುವಾಗ ಈ ಉಪದ್ವ್ಯಾಪ ಏಕೆ ಎಂದು ಕೇಳುವವರಿಗೆ ಒಂದು ಮಾತು: ನಮ್ಮ ಬೀದಿಯ ದರ್ಜಿ ಒಳ್ಳೆಯವನು, ಆದರೆ “ಸಣ್ಣಪುಟ್ಟ ರಿಪೇರಿ ತಗೊಳ್ಳಲ್ಲ ಸಾರ್, ಗಿಟ್ಟಲ್ಲ” ಎನ್ನುತ್ತಾನೆ. ಅವನದೂ ನ್ಯಾಯವೇ. ಒಂದು ಗುಂಡಿಗೆ ಅವನು ಏನೆಂದು ಕೂಲಿ ಕೇಳಬೇಕು? ಸಣ್ಣಪುಟ್ಟದ್ದು ಮನೆಯಲ್ಲೇ ಆಗಬೇಕು. ಆಗದಿದ್ದರೆ ಅಂಗಿ ಮೂಲೆಗೆ ಹೋಗುತ್ತದೆ. ಒಂದು ಗುಂಡಿಗಾಗಿ ಮೂಲೆ ಸೇರಿದ ಅಂಗಿಗಳು ನಮ್ಮ ಮನೆಯಲ್ಲೇ ಮೂರು ಸಿಕ್ಕಿದವು.

ಅವ್ವನ ಕಾಲದ ಸಾಸ್ವೆಹಳ್ಳಿಯಲ್ಲಿ ಬಟ್ಟೆಗೆ ಮೂಲೆಯೆಂಬುದೇ ಇರಲಿಲ್ಲ. ನಮ್ಮದು ಹೊನ್ನಾಳಿ ತಾಲ್ಲೂಕಿನ ಹೋಬಳಿ ಊರು. ನಾನು ಹುಡುಗನಾಗಿದ್ದಾಗ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ೧೯೯೭ರಲ್ಲಿ ಸರ್ಕಾರ ದಾವಣಗೆರೆ ಜಿಲ್ಲೆಯನ್ನು ಹೊಲಿಯಿತು: ಚಿತ್ರದುರ್ಗದಿಂದ ಮೂರು ತುಂಡು, ಶಿವಮೊಗ್ಗದಿಂದ ಹೊನ್ನಾಳಿ ಚನ್ನಗಿರಿ ಎಂಬ ಎರಡು ತುಂಡು, ಬಳ್ಳಾರಿಯಿಂದ ಹರಪನಹಳ್ಳಿಯ ತುಂಡು. ಹರಪನಹಳ್ಳಿಯನ್ನು ಆಮೇಲೆ ಮತ್ತೆ ಬಿಚ್ಚಿದ್ದೂ ಆಯಿತು. ಅದನ್ನು ಕೇಳಿದ ಅವ್ವ, “ಅವರೂ ಕೌದಿ ಹೊಲೀತಾರೆ ಅನ್ನು” ಎಂದಿದ್ದಳು.

ಕೌದಿಯೆಂದರೆ ಆಕೆಗೆ ಬಟ್ಟೆಯ ಕೊನೆಯ ಆಶ್ರಮ. ಸೀರೆಯೊಂದು ಬಂದರೆ ಮೊದಲು ಹಬ್ಬಕ್ಕೆ, ಆಮೇಲೆ ಸಂತೆಗೆ, ಆಮೇಲೆ ಗದ್ದೆಗೆ. ನಡುವೆ ಸವೆದಾಗ ಉದ್ದಕ್ಕೆ ಸೀಳಿ, ಗಟ್ಟಿಯಾದ ಅಂಚುಗಳನ್ನು ನಡುವಿಗೆ ತಂದು ಜೋಡಿಸಿದರೆ ಇನ್ನೊಂದು ವರ್ಷ. ಅನಂತರ ತೊಟ್ಟಿಲಿಗೆ, ಕೂಸಿನ ಮೈಸುತ್ತಿಗೆ, ಕೌದಿಯ ಒಡಲಿಗೆ. ಉಳಿದ ಚೂರು ಒಲೆಯ ಮುಂದೆ ಮಸಿ ಅರಿವೆ. ನಮ್ಮ ಕಡೆ ಬಟ್ಟೆಗೆ ಅರಿವೆ ಎನ್ನುತ್ತಾರೆ. ಅರಿವೆಗೂ ಅರಿವಿಗೂ ವ್ಯುತ್ಪತ್ತಿಯಲ್ಲಿ ನಂಟು ಕಟ್ಟಲು ನಾನು ಹೋಗುವುದಿಲ್ಲ. ಅವ್ವನ ಕೈಯಲ್ಲಿ ಮಾತ್ರ ಎರಡೂ ಒಂದೇ ಆಗಿದ್ದವು. ಒಗೆದ ಬಟ್ಟೆಯನ್ನು ಮಡಿಸುವಾಗ ಬೆರಳಾಡಿಸಿಯೇ ಆಕೆಗೆ ತೂತು ತಿಳಿಯುತ್ತಿತ್ತು. “ನಮ್ಮೂರ ಹೆಸರಿನಷ್ಟೇ ಐತೆ, ಈಗ್ಲೇ ಹಿಡೀಬೇಕು” ಎನ್ನುವಳು. ಸಾಸಿವೆಯಷ್ಟು ಇರುವಾಗ ಒಂದು ಹೊಲಿಗೆ ಸಾಕು. ಮುಂದಿನ ಒಗೆತಕ್ಕೆ ಕಡಲೆಯಷ್ಟು, ಅದರ ಮುಂದಿನದಕ್ಕೆ ಕೈ ತೂರುವಷ್ಟು.

ಐದನೆಯ ಪಾಠ ತೇಪೆ. ಅಲ್ಲಿಗೆ ಬಂದಾಗ ನನ್ನ ಮನಸ್ಸು ಅಳುಕಿತು. ಅದಕ್ಕೊಂದು ಹಳೆಯ ಕಾರಣವಿದೆ.

ನಾನು ಏಳನೆಯ ತರಗತಿಯಲ್ಲಿದ್ದಾಗ ಶಾಲೆಗೆ ಖಾಕಿ ಚಡ್ಡಿ ಹಾಕಬೇಕಾಗಿತ್ತು. ನನಗೆ ಇದ್ದುದು ಒಂದೇ. ನಾಲೆಯ ಏರಿಯ ಮೇಲಿಂದ ಜಾರುವ ಆಟದಲ್ಲಿ ಅದರ ಹಿಂಭಾಗ ಎರಡು ಕಡೆಯೂ ಸವೆದು ಜಾಲರಿಯಾಯಿತು. ಅವ್ವ ಎಲೆಹಸಿರು ಬಣ್ಣದ ಬಟ್ಟೆಯಿಂದ ಎರಡು ದುಂಡನೆಯ ತೇಪೆ ಹಾಕಿದಳು. ಗಟ್ಟಿಯಾದ ತೇಪೆಗಳು, ಸೊಗಸಾದ ಹೊಲಿಗೆ. ಮರುದಿನ ನಾನು ಹಲಗೆಯ ಮೇಲೆ ಲೆಕ್ಕ ಬಿಡಿಸಲು ತರಗತಿಗೆ ಬೆನ್ನು ಮಾಡಿ ನಿಂತಾಗ ಹಿಂದಿನಿಂದ ಒಂದು ಧ್ವನಿ ಬಂದಿತು: “ಹಿಂಗನ್ನಡಕ!” ಒಬ್ಬ ಹುಡುಗನ ಹಾಸ್ಯಪ್ರಜ್ಞೆಗೆ ಇಡೀ ತರಗತಿ ನಕ್ಕಿತು. ಆ ವಾರವೆಲ್ಲ ನನಗೆ ಅದೇ ಹೆಸರು.

ಶನಿವಾರ ಅಪ್ಪನ ಕ್ಷೌರದ ಬ್ಲೇಡು ತೆಗೆದುಕೊಂಡು ಕೊಟ್ಟಿಗೆಯ ಹಿಂದೆ ಹೋದೆ. ಎರಡು ತೇಪೆಗಳನ್ನೂ ಕೊಯ್ದೆ. ಆತುರದಲ್ಲಿ ಕೆಳಗಿನ ಬಟ್ಟೆಯೂ ಕೊಯ್ದುಹೋಯಿತು. ತೇಪೆಗಳನ್ನು ನಾಲೆಗೆ ಎಸೆದೆ. ಅವ್ವನಿಗೆ, “ಬೇಲಿ ಮುಳ್ಳಿಗೆ ಸಿಕ್ಕಿ ಹರೀತು” ಎಂದೆ. ಆಕೆ ಚಡ್ಡಿಯನ್ನು ದೀಪದ ಹತ್ತಿರ ಹಿಡಿದು, ಒಳಹೊರಗು ಮಾಡಿ ನೋಡಿ, ಏನೂ ಹೇಳದೆ ಮಡಿಸಿಟ್ಟಳು. ಸೋಮವಾರ ಬೆಳಿಗ್ಗೆ ಹೊಸ ತೇಪೆ ಬಿದ್ದಿತ್ತು. ಆದರೆ ಈ ಸಲ ಅದೇ ಖಾಕಿ, ಅದೇ ಸವೆತ, ಅದೇ ಬಣ್ಣ. ಹತ್ತಿರ ಬಂದು ನೋಡಿದವನಿಗೆ ಮಾತ್ರ ಕಾಣುವಂತಿತ್ತು. ಹಿಂಗನ್ನಡಕ ಎಂಬ ಹೆಸರು ನಾಲ್ಕು ದಿನದಲ್ಲಿ ಸತ್ತಿತು. ಆ ಬಟ್ಟೆ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಮುಂದಿನ ವರ್ಷ ಚಡ್ಡಿ ಗಿಡ್ಡವಾಯಿತು. ಎಲ್ಲರ ಅವ್ವಂದಿರೂ ಒಳಗಿನ ಮಡಿಕೆ ಬಿಚ್ಚಿ ಉದ್ದ ಮಾಡಿಕೊಟ್ಟರು. ನನ್ನ ಅವ್ವ ಮಾತ್ರ, “ಒಳಗೆ ಅರಿವೆ ಇಲ್ಲಪ್ಪ” ಎಂದಳು. ಆ ವರ್ಷವೆಲ್ಲ ತೊಡೆ ಕಾಣುವ ಚಡ್ಡಿಯಲ್ಲಿ ಓಡಾಡಿದೆ, ಅವ್ವನ ಮೇಲೆ ಮುನಿಸಿಕೊಂಡು.

ಈಗ ಐದನೆಯ ಪಾಠದಲ್ಲಿ ಅವ್ವ ಹೇಳಿದಳು: ತೇಪೆಯ ಬಟ್ಟೆ ತೂತಿಗಿಂತ ಸುತ್ತಲೂ ಎರಡು ಬೆರಳು ದೊಡ್ಡದಿರಬೇಕು, ಸವೆತವನ್ನು ದಾಟಿ ಗಟ್ಟಿಯಾದ ಬಟ್ಟೆಯನ್ನು ಮುಟ್ಟಬೇಕು. ಮೂಲೆಗಳನ್ನು ದುಂಡಗೆ ಮಾಡಬೇಕು. ಚೂಪುಮೂಲೆ ಬೇಗ ಏಳುತ್ತದೆ. ಹಾಸೆಳೆ ಹಾಸೆಳೆಯ ದಿಕ್ಕಿಗೆ, ಹೊಕ್ಕೆಳೆ ಹೊಕ್ಕೆಳೆಯ ದಿಕ್ಕಿಗೆ ಕೂಡಬೇಕು. ಒಗೆಯದ ಹೊಸ ಬಟ್ಟೆಯನ್ನು ಹಳೆಯದಕ್ಕೆ ಹಾಕಬಾರದು. ಮೊದಲ ಒಗೆತಕ್ಕೆ ಅದು ಕುಗ್ಗಿ ಹಳೆಯದನ್ನು ಇನ್ನಷ್ಟು ಹರಿಯುತ್ತದೆ. (ಬೈಬಲ್ಲಿನಲ್ಲಿ ಯೇಸುವೂ ಇದೇ ಮಾತನ್ನು ದೃಷ್ಟಾಂತವಾಗಿ ಹೇಳಿದ್ದಾನೆ, ಸಾಸ್ವೆಹಳ್ಳಿಯ ಅವ್ವನಿಗೂ ಆತನಿಗೂ ಒಂದೇ ಒಗೆತದ ಅನುಭವವಿದ್ದಿರಬೇಕು.) “ಬಣ್ಣ ಹೊಂದೋ ಅರಿವೆ ಬೇಕಂದ್ರೆ ಎಲ್ಲೂ ಹುಡುಕಬ್ಯಾಡ” ಎಂದು ಆಕೆ ಮುಂದುವರಿಸಿದಳು, “ಅದ್ರಾಗೇ ಇರ್ತದೆ. ಒಳಗಿನ ಮಡಿಕೆ ಬಿಚ್ಚಿ ಕೊಯ್ಕೋ.”

ನನ್ನ ಕೈಯಲ್ಲಿದ್ದ ಸೂಜಿ ನಿಂತಿತು. ಆದರೂ ಆ ಹೊತ್ತಿಗೆ ಏನೂ ಹೇಳಲಾಗಲಿಲ್ಲ.

ಅದೇ ದಿನಗಳಲ್ಲಿ ಇನ್ನೊಂದು ತಮಾಷೆಯಾಯಿತು. ಕಾಲೇಜಿನಲ್ಲಿ ಓದುವ ನನ್ನ ಮಗಳು ಹೊಸ ಜೀನ್ಸ್ ಕೊಂಡು ತಂದಳು, ಎರಡು ಮೊಣಕಾಲೂ ಹರಿದದ್ದು. ಅವ್ವ ಅದನ್ನು ಮುಟ್ಟಿ ನೋಡಿ, “ಕೂಸು ಎಲ್ಲಿ ಬಿತ್ತೋ! ಸೂಜಿ ಪೋಣಿಸು” ಎಂದಳು. ಹರಿದದ್ದಕ್ಕೇ ಅಂಗಡಿಯವನು ಹೆಚ್ಚು ಹಣ ತೆಗೆದುಕೊಂಡನೆಂದು ವಿವರಿಸಬೇಕಾಯಿತು. ಅವ್ವ ಬಹಳ ಹೊತ್ತು ನಕ್ಕಳು. “ಹಂಗಾರೆ ನಮ್ಮನ್ಯಾಗೆ ಒಂದ್ ಕಾಲ್ದಾಗೆ ಭಾರೀ ಶ್ರೀಮಂತಿಕೆ ಇತ್ತು ಬಿಡು” ಎಂದಳು.

ನಗೆ ಹಾಗಿರಲಿ, ಹರಿದುದನ್ನು ಹೊಲಿದುಕೊಳ್ಳುವುದು ಬಡವರ ಪಾಡು ಮಾತ್ರ ಎಂಬುದೂ ನಿಜವಲ್ಲ. ಎರಡನೆಯ ಮಹಾಯುದ್ಧದಲ್ಲಿ, ೧೯೪೧ರಲ್ಲಿ, ಇಂಗ್ಲೆಂಡಿನಲ್ಲಿ ಬಟ್ಟೆಗೆ ಪಡಿತರ ಬಂದಿತು. ೧೯೪೩ರಲ್ಲಿ ಅಲ್ಲಿಯ ಸರ್ಕಾರವೇ ಹಳೆಯ ಬಟ್ಟೆಯನ್ನು ಸರಿಪಡಿಸಿಕೊಳ್ಳುವ ಬಗೆಯನ್ನು ಕಿರುಹೊತ್ತಗೆಯಾಗಿ ಅಚ್ಚುಹಾಕಿಸಿ ಸಿರಿವಂತರಿಗೂ ಬಡವರಿಗೂ ಒಂದೇ ಪಾಠ ಹೇಳಿತು. ಜಪಾನಿನ ಉತ್ತರದ ಚಳಿನಾಡಿನಲ್ಲಿ ರೈತರು ತಲೆಮಾರುಗಳ ಕಾಲ ತೇಪೆಯ ಮೇಲೆ ತೇಪೆ ಹೊಲಿದು ತೊಟ್ಟ ‘ಬೊರೊ’ ಬಟ್ಟೆಗಳನ್ನು ಈಗ ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಹಿಂದೆ ಇಟ್ಟಿದ್ದಾರೆ. ಅಷ್ಟು ದೂರವೇಕೆ? ನಮ್ಮ ಹಳಿಯಾಳ, ಯಲ್ಲಾಪುರ, ಮುಂಡಗೋಡುಗಳ ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಹೊರಟು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಲ್ಲಿ ‘ಫೂಲ’ ಎಂಬ ಬಟ್ಟೆಯ ಹೂ ಇಡುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಉಡಲಾರದಷ್ಟು ಹಳೆಯದಾದ ಬಟ್ಟೆಗೂ ಮಾನವಿದೆ ಎಂದು ಬಲ್ಲವರು ಅವರು.

ನನ್ನ ಕಸುಬಿನಲ್ಲಿಯೂ ಇಂಥದೊಂದು ಮಾನವಿದೆ. ಓಲೆಗರಿಯ ಪ್ರತಿಯಲ್ಲಿ ಹುಳು ತಿಂದ ತೂತು ಬಂದರೆ ಸಂಪಾದಕನಾದವನು ಅದನ್ನು ಗ್ರಂಥಪಾತವೆಂದು ಗುರುತಿಸುತ್ತಾನೆ. ಬೇರೆ ಪ್ರತಿಯಿಂದಲೋ ಊಹೆಯಿಂದಲೋ ಅಕ್ಷರ ತುಂಬಿದರೆ ಅದು ತಾನು ತುಂಬಿದ್ದೆಂದು ಕಂಸ ಹಾಕಿ ತೋರಿಸುತ್ತಾನೆ. ಕಂಸವಿಲ್ಲದ ತೇಪೆಯೇ ಕಳ್ಳತನ. ನಾನು ವಿದ್ಯಾರ್ಥಿಗಳ ಪ್ರಬಂಧದಲ್ಲಿ ಬೈಯಬೇಕಾಗಿದ್ದುದು ಈ ಕಳ್ಳತನವನ್ನು. ಬೈದದ್ದು ಬಡ ತೇಪೆಯನ್ನು.

ಕೊನೆಯ ಪಾಠ ರಫು. ಬಟ್ಟೆಯನ್ನೇ ಮತ್ತೆ ನೇಯುವ ಕೆಲಸ. ತೂತಿನ ಆಚೆಯಿಂದ ಈಚೆಗೆ ಸಾಲಾಗಿ ದಾರ ಹಾಸಬೇಕು. ತಿರುವಿನಲ್ಲಿ ಚೂರು ಸಡಿಲ ಬಿಡಬೇಕು. ಆಮೇಲೆ ಅಡ್ಡಲಾಗಿ, ಒಂದು ಎಳೆಯ ಮೇಲೆ, ಒಂದು ಎಳೆಯ ಕೆಳಗೆ. ಮುಂದಿನ ಸಾಲಿನಲ್ಲಿ ಕೆಳಗಿನದು ಮೇಲೆ, ಮೇಲಿನದು ಕೆಳಗೆ. ಇದನ್ನು ಮಾಡುವಾಗ ಬಟ್ಟೆಯ ಒಂದೊಂದು ಎಳೆಯೂ ಕಾಣತೊಡಗುತ್ತದೆ. ನನ್ನ ಅಂಗಿಯ ತೋಳಿನಲ್ಲಿ ಹೀಗೆ ನೇಯುತ್ತ ಕೂತಿದ್ದ ಒಂದು ರಾತ್ರಿ, ತಲೆಯೆತ್ತದೆಯೇ ಹೇಳಿದೆ:

“ಅವ್ವ, ಆ ಖಾಕಿ ಚಡ್ಡಿ ಮುಳ್ಳಿಗೆ ಹರಿದದ್ದಲ್ಲ.”

“ಗೊತ್ತೈತಿ ಬಿಡು” ಎಂದಳು ಅವ್ವ.

“ಹೇಗೆ ಗೊತ್ತಾಯಿತು?”

“ಮುಳ್ಳಿಗೆ ಹರಿದ್ರೆ ಎಳೆ ಜೂಲುಜೂಲಾಗಿರ್ತಾವೆ. ಬ್ಲೇಡಿಗೆ ಕೊಯ್ದ್ರೆ ಸಾಲಾಗಿ ನಿಂತಿರ್ತಾವೆ. ಅಷ್ಟು ಗೊತ್ತಾಗಲ್ವೇನು?”

ಮೂವತ್ತು ವರ್ಷಕ್ಕೂ ಮೇಲೆ ನಾನು ಮುಚ್ಚಿಟ್ಟುಕೊಂಡಿದ್ದುದು ಆ ರಾತ್ರಿಯೇ, ದೀಪದ ಬೆಳಕಿನಲ್ಲೇ ಆಕೆಗೆ ತಿಳಿದುಹೋಗಿತ್ತು. ತಿಳಿದೇ ಒಳಗಿನ ಮಡಿಕೆಯನ್ನು ಕೊಯ್ದಿದ್ದಳು. ಮುಂದಿನ ವರ್ಷದ ನನ್ನ ಮುನಿಸನ್ನೂ ತಿಳಿದೇ ಹೊತ್ತಿದ್ದಳು.

“ಅವತ್ತೇ ಯಾಕೆ ಕೇಳಲಿಲ್ಲ?”

ಅವ್ವ ಸ್ವಲ್ಪ ಹೊತ್ತು ಡಬ್ಬಿಯ ಗುಂಡಿಗಳಲ್ಲಿ ಕೈಯಾಡಿಸಿದಳು. “ಕೇಳಿದ್ರೆ ನೀನು ಇನ್ನೊಂದು ಸುಳ್ಳು ಹೇಳ್ತಿದ್ದೆ. ಹರಿದಿದ್ದು ಅಷ್ಟೇ ಸಾಕು ಅಂತ ಸುಮ್ನಾದೆ” ಎಂದಳು. ಆಮೇಲೆ ನನ್ನ ಕೈಯಿಂದ ಅಂಗಿಯನ್ನು ತೆಗೆದುಕೊಂಡು, ರಫು ಮಾಡಿದ ಜಾಗದ ಮೇಲೆ ನಡುಗುವ ಬೆರಳನ್ನು ನಿಧಾನವಾಗಿ ಆಡಿಸಿದಳು. ಒಂದು ಕಡೆ ಬೆರಳು ನಿಂತಿತು.

“ಇಲ್ಲಿ ಒಂದೆಳೆ ತಪ್ಪೈತೆ. ಬಿಚ್ಚಿ ಮಾಡು.”

ಬಿಚ್ಚಿದೆ. ಸೂಜಿಗೆ ಮತ್ತೆ ಒಂದು ಮೊಳ ದಾರ ಪೋಣಿಸಿಕೊಂಡೆ.